ಚುಕ್ಕಿ ಎಂಬ ಹೆಸರಿನ ಫೈಲು

ಕ್ಲಾಕ್ಸ್‌ವೀಕ್‌ನ ಮೀನು ಕಾರ್ಖಾನೆ. ರಾತ್ರಿ ಎರಡೂವರೆ.
ತೊಳೆದ ನೆಲದ ಮೇಲೆ ಹನ್ನೆರಡು ತಕ್ಕಡಿಗಳು
ಹೊಸ ಸಾಫ್ಟ್‌ವೇರಿಗೆ ಕಾದು ನಿಂತಿವೆ.
ಮೀನಿನ ಕ್ರೇಟೊಂದನ್ನು ಬೋರಲು ಹಾಕಿ
ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರನ್ವಾ
ಕಣ್ಣಿಗೆ ಎಣ್ಣೆ ಬಿಟ್ಟು ಕೂತಿದ್ದಾಳೆ,
ಉಣ್ಣೆಯ ಕೈಗವಸಿನ ಬೆರಳತುದಿ ಕತ್ತರಿಸಿ.
ಐದಕ್ಕೆ ದೋಣಿಗಳು ಬರುತ್ತವೆ.

ಹಳೆಯ ಸ್ಕ್ರಿಪ್ಟು ಅವಳದಲ್ಲ.
ಬರೆದವನು ಈಗ ಎಲ್ಲೋ ಸಾಲ್ಮನ್ ಸಾಕುತ್ತಾನಂತೆ,
ಫೋನು ಎತ್ತುವುದಿಲ್ಲ.
ಅವನು ಬಿಟ್ಟುಹೋದ ಸಾಲು
ಒಂದು ಚುಕ್ಕಿಯನ್ನು ನಂಬಿಕೊಂಡಿದೆ:
*.ಕಾನ್ಫ್
ಮುಂದೆ ಏನಾದರೂ ಇರಲಿ, ಬಾಲ ಇದಾದರೆ ಸಾಕು,
ಸಕುಟುಂಬ ಸಪರಿವಾರ ಬನ್ನಿ, ಇದನ್ನೇ ಖುದ್ದು ಕರೆಯೆಂದು ಭಾವಿಸಿ.

ಕರೆಯುವುದು ಶೆಲ್ಲು, ಉಣಬಡಿಸುವವರು ಬೇರೆ.
ಅಳಿಸುವ ಆಜ್ಞೆಗೆ ಚುಕ್ಕಿಯ ಮುಖಪರಿಚಯವೇ ಇಲ್ಲ,
ಅದರ ಕೈ ಸೇರುವಾಗ ಅದು ಬರೀ ಹೆಸರುಗಳ ಪಟ್ಟಿ.
ಯಾರನ್ನು ಕರೆದರು, ಯಾಕೆ ಕರೆದರು,
ಕೇಳುವುದು ಅದರ ಕೆಲಸವಲ್ಲ.

ಮತ್ತೆ, ಯಾರೂ ಬಾರದೇ ಹೋದರೆ?
ಆಗ ಕರೆಯೋಲೆಯೇ
ಎಲೆಯ ಮುಂದೆ ಬಂದು ಕೂರುತ್ತದೆ.

ಹನ್ನೆರಡನೆಯ ತಕ್ಕಡಿಯಲ್ಲಿ ಆದದ್ದು ಅದೇ.
ಹೋದ ಚಳಿಗಾಲ ಅದು ಹೊಸದು, ಡಬ್ಬಿ ಖಾಲಿ,
ಒಂದು ದೋಣಿಯ ಹೆಸರೂ ಇಲ್ಲ.
ಸ್ಕ್ರಿಪ್ಟು ಕರೆಯಿತು, ಯಾರೂ ಓಗೊಡಲಿಲ್ಲ,
ಕರೆದ ಹೆಸರಿಗೇ ಒಂದು ಫೈಲು ಹುಟ್ಟಿಸಿ
ಮುಂದಿನ ಸಾಲಿಗೆ ನಡೆಯಿತು.
ಆಮೇಲೆ ಬಂದ ನಲವತ್ತೊಂದು ದೋಣಿಗಳ ನಡುವೆ
ಚುಕ್ಕಿಯೂ ಒಂದು ದೋಣಿಯಾಗಿ
ವರ್ಷವಿಡೀ ಸೊನ್ನೆ ಕಿಲೋ ಮೀನು ತೂಗಿಸಿತು.

"ಅಳಿಸಿಬಿಡು ಅದನ್ನ," ಎಂದ ಹೋಗ್ನಿ,
ತಕ್ಕಡಿ ನೋಡಿಕೊಳ್ಳುವವನು, ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.
ಅವಳು ಟೈಪು ಮಾಡಿದಳು: ಅಳಿಸು, ಒಂದು ಜಾಗ, ಚುಕ್ಕಿ,
ಕಾನ್ಫ್.
ಬೆರಳು ಎಂಟರ್ ಮೇಲೆ.
ನಿಂತಿತು.

"ಹೋಗ್ನಿ, ಈ ದೋಣಿಗಳ ಕ್ರೇಟಿನ ತೂಕ, ಕಳೆಯುವ ಐಸಿನ ಲೆಕ್ಕ,
ಬೇರೆಲ್ಲಾದರೂ ಬರೆದಿಟ್ಟಿದ್ದೀಯಾ?"
"ಡೈರಿಯಲ್ಲಿತ್ತು."
"ಡೈರಿ?"
"ನೆನೆದುಹೋಯಿತು."

ಆಮೇಲೆ ಬಹಳ ಹೊತ್ತು
ಶೀತಲ ಯಂತ್ರದ್ದೊಂದೇ ಸದ್ದು.

ಅವಳು ಕರ್ಸರನ್ನು ಹಿಂದಕ್ಕೆ ನಡೆಸಿ
ಚುಕ್ಕಿಯ ಎಡಕ್ಕೊಂದು, ಬಾಲದ ಬಲಕ್ಕೊಂದು
ಉದ್ಧರಣ ಚಿಹ್ನೆ ಇಟ್ಟಳು.
ದೀಪಕ್ಕೆ ಅಂಗೈ ಮರೆಮಾಡಿದ ಹಾಗೆ, ಅನ್ನಬೇಕೆಂದಿದ್ದೆ.
ಅಲ್ಲ. ಇಲ್ಲಿ ಆರಿಹೋಗುವ ಭಯ ದೀಪದ್ದಲ್ಲ,
ಈ ಊರಿನ ಹುಲ್ಲಿನ ಮಾಡಿನದು.

ಎಂಟರ್.
ಎಣಿಸಿದಳು. ನಲವತ್ತೊಂದು.
ಇನ್ನೊಮ್ಮೆ ಎಣಿಸಿದಳು, ಈ ಸಲ ಬೆರಳಿಟ್ಟು.

ನಡುವೆ 'ಆನ್ನಾ ಮರ್ರಿತ್' ಎಂಬ ದೋಣಿ ತಕರಾರು ತೆಗೆಯಿತು.
ಹೆಸರಿನಲ್ಲಿ ಜಾಗವಿದೆಯಲ್ಲ,
ಶೆಲ್ಲು ಅದನ್ನು ಸೀಳಿ
ಆನ್ನಾಳನ್ನು ಒಂದು ಬಂದರಿನಲ್ಲಿ,
ಮರ್ರಿತಳನ್ನು ಇನ್ನೊಂದರಲ್ಲಿ ಹುಡುಕುತ್ತಿತ್ತು.
ಅಲ್ಲಿಗೂ ಎರಡು ಚಿಹ್ನೆ.
"ಅವಳು ನನ್ನ ಅತ್ತೆ," ಎಂದ ಹೋಗ್ನಿ,
"ಬದುಕಿದ್ದಾಗ ಇಬ್ಬರಷ್ಟೇ ಇದ್ದಳು ಬಿಡು."

ಚುಕ್ಕಿಯಿಂದ ಶುರುವಾಗುವ ಫೈಲೊಂದು ಇನ್ನೂ ಅಲ್ಲೇ ಇದೆ,
ಕರೆದರೂ ಬರುವುದಿಲ್ಲ, ಪಟ್ಟಿಯಲ್ಲಿ ಕಾಣುವುದಿಲ್ಲ.
ಕನ್ನಡದಲ್ಲಿ ಬರೆಯುವ ನನಗೆ ಇದೊಂದು ಪೇಚು:
ಆಕಾಶದ್ದೂ ಚುಕ್ಕಿ, ವಾಕ್ಯದ ಕೊನೆಯದ್ದೂ ಚುಕ್ಕಿ,
ಚುಕ್ಕಿಗೆ ಚುಕ್ಕಿ ಕಾಣದು ಎಂದರೆ
ರನ್ವಾಗೆ ಅದು ಕೈಪಿಡಿಯ ಒಂದು ಸಾಲು,
ನನಗೆ ನಿದ್ದೆ ಬರುವುದಿಲ್ಲ.

ನಾಲ್ಕೂ ಐವತ್ತು.
ಸ್ಕ್ರಿಪ್ಟಿನ ನೆತ್ತಿಗೆ ಅವಳು ಒಂದೇ ಸಾಲು ಸೇರಿಸಿದಳು.
ಬಿಡಿಸಿ ಹೇಳಿದರೆ ಇಷ್ಟು:
ಯಾರೂ ಬಾರದಿದ್ದರೆ
ಸುಮ್ಮನಿರು.

ಹೊರಗೆ ಮಂಜು, ಆಕಾಶವಿಲ್ಲ.
ಮೊದಲ ದೋಣಿಯ ಎಂಜಿನ್ನು ಕೆಮ್ಮಿತು.
ಹೋಗ್ನಿ ತನ್ನ ಕಾಫಿ ಲೋಟವನ್ನು
ಹನ್ನೆರಡನೆಯ ತಕ್ಕಡಿಯ ಮೇಲಿಟ್ಟ.
ಮುನ್ನೂರ ಹತ್ತು ಗ್ರಾಂ.
"ಸರಿಯಿದೆ," ಎಂದ, ಕುಡಿದ,
ಮತ್ತೆ ಇಟ್ಟು ನೋಡಿದ.